ಎದೆಗೆ ಕಟ್ಟಿದ ಮಲ್ಲಿಗೆ

ಅಳುವವರ ಮುಂದೆ ಬಾಯಿ ಬಿಡುವಾಗ ಜನ ಚೂರು ಯೋಚಿಸಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಜಗದಾಂಬಾಳ ನಾಲ್ಕು ವರ್ಷದ ಮಗ ಪರಮೇಶಿ ಗಂಟಲು ಬೇನೆಯಿಂದ ಶಿವಮೊಗ್ಗದ ಆಸ್ಪತ್ರೆಯಲ್ಲಿ ತೀರಿಕೊಂಡ. ಅದು ಕಾರ್ತಿಕ ಮಾಸ. ಅವನನ್ನು ಭದ್ರಾವತಿಯ ಮಣ್ಣಿಗೆ ಒಪ್ಪಿಸಿದ ದಿನ ಇಬ್ಬರು ಅವಳಿಗೆ ಸಮಾಧಾನ ಹೇಳಿದರು. ಕ್ರಿಯೆ ಮಾಡಿಸಿದ ಅಯ್ಯನವರು, “ಕೂಸು ಶಿವನ ಪಾದ ಸೇರ್ತು ತಾಯಿ, ಇನ್ನು ಅದಕ್ಕೆ ಹುಟ್ಟು ಸಾವಿನ ಕಾಟ ಇಲ್ಲ,” ಎಂದರು. ಸೋದರತ್ತೆ ಸುಭದ್ರಮ್ಮ ಬೆನ್ನು ಸವರಿ, “ಅಳಬೇಡ ಕಣೇ, ವರ್ಷ ತುಂಬೋದ್ರೊಳಗೆ ನಿನ್ನ ಹೊಟ್ಟೇಲೇ ಮತ್ತೆ ಬಂದು ಕೂರ್ತಾನೆ,” ಎಂದಳು. ಹೇಳಿದವಳು ಸಂಜೆ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಟೂ ಹೋದಳು.

ಗಂಡ ಓಂಕಾರಪ್ಪ ಅಯ್ಯನವರ ಮಾತು ಹಿಡಿದುಕೊಂಡ, ಜಗದಾಂಬಾ ಅತ್ತೆಯ ಮಾತು ಹಿಡಿದುಕೊಂಡಳು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆಯೇ.

ಮಗ ಬರಬೇಕಾದರೆ ಬಸಿರಾಗಬೇಕು. ಆದರೆ ತೊಡೆಯ ಮೇಲೆ ಎಳೆಗೂಸು ಸರ್ವಮಂಗಳೆ ಇದ್ದಳು. ಅವಳನ್ನು ಹೆತ್ತ ಮೇಲೆ ಜಗದಾಂಬಾ ಇನ್ನೂ ಮುಟ್ಟಾಗಿರಲಿಲ್ಲ. ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯವಳು ಅಂಜಲೈ, ಸೇಲಂ ಕಡೆಯವಳು. ಅವಳು, “ಪಾಪು ಎದೆಹಾಲು ಕುಡಿಯೋವರೆಗೂ ಹಂಗೇ ಅಕ್ಕಾ. ಹಾಲು ನಿಂತ್ರೆ ಎಲ್ಲಾ ಸರಿಹೋಗ್ತದೆ,” ಎಂದಳು.

ಅಂದಿನಿಂದ ಮಗಳು ಬಾಗಿಲಿಗೆ ಅಡ್ಡ ಕೂತಿದ್ದಾಳೆ ಎಂದೇ ಜಗದಾಂಬಾಳಿಗೆ ಅನಿಸತೊಡಗಿತು. ಹೊರಗೆ ಪರಮೇಶಿ ನಿಂತಿದ್ದಾನೆ, ಒಳಗೆ ಬಿಡುವವರಿಲ್ಲ. ಹೆತ್ತವಳು ಹೀಗೆಲ್ಲ ಎಣಿಸಬಾರದು ಎಂಬುದು ಅವಳಿಗೂ ಗೊತ್ತಿತ್ತು. ಆದರೂ ಎಣಿಸಿದಳು.

ಮೊದಲು ಮೊಲೆಗೆ ಬೇವು ಅರೆದು ಹಚ್ಚಿದಳು. ಮಗಳು ಮುಖ ಕಿವುಚಿ ಅತ್ತಳು, ಆಮೇಲೆ ಕಹಿಯನ್ನೂ ಸೇರಿಸಿಕೊಂಡೇ ಕುಡಿದಳು. ಆಗ ಅಂಜಲೈ ತನ್ನೂರಿನ ಪದ್ಧತಿ ಹೇಳಿಕೊಟ್ಟಳು. ಹಾಲು ಬತ್ತಿಸಬೇಕಾದರೆ ಎದೆಗೆ ಮಲ್ಲಿಗೆ ಕಟ್ಟಬೇಕು, ಬಾಡಿದಂತೆ ಬದಲಾಯಿಸುತ್ತಿರಬೇಕು. ಚೈತ್ರ ಬಂದು ಸಂತೆಯಲ್ಲಿ ಮಲ್ಲಿಗೆ ಕಂಡ ಕೂಡಲೇ ಜಗದಾಂಬಾ ಮೊಳಗಟ್ಟಲೆ ಕೊಂಡು ರವಿಕೆಯೊಳಗೆ ಬಿಗಿದುಕೊಂಡಳು. ಮಗಳು ಅಂಜಲೈಯ ಮಡಿಲಿಗೆ ಹೋದಳು, ಒಳಲೆಯಲ್ಲಿ ಹಸುವಿನ ಹಾಲು ಕುಡಿಯಲು. ಗೋಡೆಯಾಚೆ ಕೂಸು ಅತ್ತಾಗ ಈಚೆ ಎದೆ ಜಿನುಗಿ ಹೂವೆಲ್ಲ ಒದ್ದೆಯಾಗುತ್ತಿತ್ತು. ಜಗದಾಂಬಾ ಹಲ್ಲು ಕಚ್ಚಿಕೊಂಡು ಕೂತಳು.

ಪಾಳಿ ಮುಗಿಸಿ ಬಂದ ಓಂಕಾರಪ್ಪ ಹೊಸ್ತಿಲಲ್ಲೇ ನಿಂತ. ಮಗ ಹೋದ ಮೇಲೆ ಆ ಮನೆಗೆ ಹೂವು ಬಂದಿರಲಿಲ್ಲ. ಹೆಂಡತಿಯ ಮುಡಿ ನೋಡಿದರೆ ಬರಿದು, ಮನೆ ತುಂಬ ಮಲ್ಲಿಗೆಯ ಘಮ. ತಾನು ಬರುವ ಸದ್ದು ಕೇಳಿ ನಾಚಿ ತೆಗೆದಿಟ್ಟಿದ್ದಾಳೆ ಎಂದುಕೊಂಡ, ಪಾಪದ ಪ್ರಾಣಿ. ರಜೆಯ ದಿನ ಶಿವಮೊಗ್ಗದ ಗಾಂಧಿ ಬಜಾರಿಗೇ ಹೋಗಿ ಒಳ್ಳೆಯ ಮಲ್ಲಿಗೆ ದಂಡೆ ತಂದು, “ಮುಡ್ಕೋ ಮಾರಾಯ್ತಿ, ನಾನೇನು ಹೊರಗಿನವನಾ?” ಎಂದು ರೇಗಿಸಿದ. ಅವಳು ಒಳಗೆ ಹೋಗಿ ಅದನ್ನೂ ಎದೆಗೇ ಕಟ್ಟಿಕೊಂಡಳು.

ಹಾಲು ಬತ್ತಿತು. ಮಗಳ ಅಳುವೂ ನಿಂತಿತು. ಮುಂದೊಂದು ದಿನ ಮುಟ್ಟೂ ಆದಳು. ಅವತ್ತು ಅವಳ ಸಂತೋಷ ಹೇಳತೀರದು. ಆಮೇಲೆ ಅವಳಾಗಿಯೇ ಗಂಡನ ಹಾಸಿಗೆಗೆ ಬಂದಳು. ಸಂಸಾರ ಮತ್ತೆ ಚಿಗುರಿತು ಎಂದು ಓಂಕಾರಪ್ಪ ಸೈಕಲ್ ಮೇಲೆ ಸಿಳ್ಳೆ ಹಾಕುತ್ತಾ ಕಾರ್ಖಾನೆಗೆ ಹೋಗತೊಡಗಿದ.

ಆದರೆ ತಿಂಗಳು ತಿಂಗಳೂ ಅವಳು ಮುಟ್ಟಾಗುತ್ತಲೇ ಇದ್ದಳು. ಆಷಾಢ, ಶ್ರಾವಣ ಕಳೆದವು, ದಸರೆಯೂ ಕಳೆಯಿತು. ಮತ್ತೆ ಕಾರ್ತಿಕ ಬಂತು. ಮಗನ ವರ್ಷದ ಕಾರ್ಯದ ಹಿಂದಿನ ದಿನ ಬಚ್ಚಲಿನಿಂದ ಹೊರಬಂದ ಜಗದಾಂಬಾ ಗೋಡೆಗೊರಗಿ ಕುಸಿದಳು.

“ನಾಳೆಗೆ ವರ್ಷ ತುಂಬ್ತು. ಅವನು ಬರ್ಲೇ ಇಲ್ಲ ಕಣ್ರೀ,” ಎಂದಳು.

“ಯಾರು?” ಎಂದ ಓಂಕಾರಪ್ಪ.

ಅತ್ತೆಯ ಮಾತು, ಬೇವು, ಮಲ್ಲಿಗೆ ಎಲ್ಲವನ್ನೂ ಬಿಕ್ಕುತ್ತಾ ಹೇಳಿದಳು.

“ನಾನು ತಂದ ಹೂವು?”

“ಅದನ್ನೂ ಕಟ್ಕೊಂಡೆ.”

“ನೀನಾಗೇ ನನ್ನ ಹತ್ರ ಬರ್ತಿದ್ದೆಯಲ್ಲ, ಅದೂ ಇದಕ್ಕೇನಾ?”

ಜಗದಾಂಬಾ ಹೌದೆಂದು ತಲೆಯಾಡಿಸಿದಳು.

“ಅವನನ್ನ ಗುಂಡಿಯೊಳಗೆ ಕೂರಿಸಿ, ಅಂಗೈಗೆ ಲಿಂಗ ಇಟ್ಟವನು ನಾನು,” ಎಂದ ಓಂಕಾರಪ್ಪ. “ಮತ್ತೆ ಬರೋ ಹಂಗಿದ್ರೆ ನಾನು ಮಣ್ಣು ಹಾಕ್ತಿದ್ನೇನೇ?”

ಪರಮೇಶಿ ಸತ್ತ ಎಂಬುದು ಅವಳಿಗೆ ತಿಳಿದದ್ದು ಆ ಗಳಿಗೆಯಲ್ಲಿ. ವರ್ಷವಿಡೀ ತಡೆದಿಟ್ಟ ದುಃಖ ಒಂದೇ ಸಲಕ್ಕೆ ಉಕ್ಕಿತು.

ಅಷ್ಟರಲ್ಲಿ ಪುಟ್ಟ ಹೆಜ್ಜೆ ಹಾಕುತ್ತಾ ಸರ್ವಮಂಗಳೆ ಒಳಗೆ ಬಂದಳು. ಜಗದಾಂಬಾ ಅವಳನ್ನು ಬಾಚಿ ತಬ್ಬಿ, ರವಿಕೆ ಬಿಚ್ಚಿ, ಆ ಪುಟ್ಟ ಬಾಯನ್ನು ಎದೆಗೆ ಒತ್ತಿಕೊಂಡಳು. “ಕುಡಿಯೇ, ನನ್ನವ್ವಾ, ಕುಡಿಯೇ.”

ಮಗಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಏನೋ ಹೊಸ ಆಟವೆಂದು ನಕ್ಕು ಎದೆಯನ್ನು ಅಂಗೈಯಿಂದ ತಟ್ಟಿದಳು. ಬಿಗಿಯಾಗಿ ಹಿಡಿದದ್ದಕ್ಕೆ ಕೊಸರಾಡಿ ಮಡಿಲಿಂದ ಜಾರಿದಳು. “ಅಮ್ಮಾ” ಎನ್ನುತ್ತಾ ಪಕ್ಕದ ಮನೆಗೆ ನಡೆದಳು.

“ಏನು ಕಣ್ಣು, ಹಸಿವಾ?” ಎಂದು ಅಂಜಲೈ ಮುದ್ದಾಗಿ ಕೇಳುವುದು ಗೋಡೆಯಾಚೆಯಿಂದ ಕೇಳಿಸಿತು.