ಗಿಡ್ಡ ಬಾಗಿಲಿನ ಉಂಗುರ

ಹಣೆ ಇನ್ನೂ ಚುರುಚುರು ಅನ್ನುತ್ತಿದೆ, ಈ ಅಂಗಡಿಯ ಬಾಗಿಲ ಮೇಲಿನ ಅಡ್ಡಮರಕ್ಕೆ ತಾಗಿದ್ದು ನನ್ನ ಹಣೆ ಮಾತ್ರ, ಅವನದಲ್ಲ — ನನಗಿಂತ ಒಂದು ಗೇಣು ಎತ್ತರದವನು, ಹಿಂದೆ ತಿರುಗಿ ನನ್ನೊಡನೆ ಮಾತಾಡುತ್ತಲೇ ಒಳಗೆ ಕಾಲಿಟ್ಟವನು, ಮರದತ್ತ ನೋಡದೆಯೇ ತಲೆ ತಗ್ಗಿಸಿದನಲ್ಲ, ಸ್ವಂತ ಮನೆಯ ಅಟ್ಟಕ್ಕೆ ಹೋಗುವವರ ಹಾಗೆ. ಮೊದಲ ಸಲ ಬರ್ತಿದೀನಿ, ಆಫೀಸಿನಲ್ಲಿ ಯಾರೋ ಹೇಳಿದ ಜಾಗ ಅಂದಿದ್ದ, ನಿಶ್ಚಿತಾರ್ಥದ ಉಂಗುರ ಎಲ್ಲರದ್ದರ ಹಾಗೆ ಇರಬಾರದು ಅಂದಿದ್ದ. ತಲೆಗೆ ಹುಳ ಬಿಟ್ಕೋಬೇಡ ಕಣೇ, ಮೂವತ್ತನಾಲ್ಕಕ್ಕೆ ಸಿಕ್ಕಿರೋ ಒಳ್ಳೇ ಹುಡುಗ, ಅಂತ ಚಿಕ್ಕಮ್ಮ ಬೆಳಿಗ್ಗೆ ಫೋನಿನಲ್ಲೂ ಹೇಳಿದಳು, ಹುಳ ನಾನು ಬಿಟ್ಟುಕೊಂಡದ್ದಲ್ಲ ಚಿಕ್ಕಮ್ಮ, ಅದೇ ಬಾಗಿಲಲ್ಲಿ ಕಾದು ಕೂತಿತ್ತು. ಮುದುಕ ಅಕ್ಕಸಾಲಿಗ ಲೋಹದ ಪಟ್ಟಿಗಳನ್ನು ಬಟ್ಟೆಯ ಮೇಲೆ ಹರಡಿ ವಿವರಿಸುತ್ತಿದ್ದಾನೆ, ಬೆಳ್ಳಿ, ತಾಮ್ರ, ಚಿನ್ನ, ಹಾಳೆಯ ಮೇಲೆ ಹಾಳೆ, ಬೆಸುಗೆಯಿಲ್ಲ, ಬರೀ ಕಾವು ಮತ್ತು ಒತ್ತಡ, ಆಮೇಲೆ ಅಲ್ಲಲ್ಲಿ ಗುಂಡಿ ತೋಡಿ ಬಡಿದು ಸಮ ಮಾಡಿದರೆ ಅಡಿಯ ಪದರಗಳೆಲ್ಲ ಮರದ ಗೆರೆಗಳ ಹಾಗೆ ಮೇಲೆ ಕಾಣುತ್ತವೆ, ಜಪಾನಿನವರು ಕತ್ತಿಗೆ ಮಾಡ್ತಿದ್ದ ಕೆಲಸ ಅಮ್ಮಾ ಇದು. ತೋಡಿದರೆ ಅಡಿಯದು ಮೇಲೆ ಬರುತ್ತದೆ — ನನಗೆ ಹೇಳಿಕೊಡಬೇಕೆ, ಹಲ್ಲಿನ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಲೋಹದ ಟೋಪಿಗಳನ್ನು ಎರಕ ಹೊಯ್ಯುವವಳಿಗೆ, ಟೋಪಿಗೂ ಹಲ್ಲಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಒಳಗೆ ಹುಳುಕು ಹಿಡಿಯುತ್ತದೆಂದು ಬಲ್ಲವಳಿಗೆ. ಊರವರ ಹಲ್ಲಿಗೆಲ್ಲ ಟೋಪಿ ಹಾಕುವವಳಿಗೆ ಇವನು ಟೋಪಿ ಹಾಕಿದ ಅಂತಾದರೆ ಲ್ಯಾಬಿನವರು ವರ್ಷವೆಲ್ಲ ನಗುತ್ತಾರೆ.

ಅಳತೆಯ ಉಂಗುರಗಳ ಗೊಂಚಲಿನಿಂದ ಮುದುಕ ಹುಡುಕದೆಯೇ ಒಂದನ್ನು ತೆಗೆದು ನನ್ನ ಬೆರಳಿಗೆ ತೊಡಿಸಿದ, ಗೆಣ್ಣಿನಲ್ಲೇ ನಿಂತಿತು, ಹೋದ ಸಲ ಇದೇ ಸಲೀಸಾಗಿ ಇಳೀತಲ್ಲಮ್ಮ, ಬೆರಳು ದಪ್ಪ ಆಗಿದೆ ಅಂದ. ಹೋದ ಸಲ. ನಾನು ಇವನ ಮುಖ ನೋಡಿದೆ, ಇವನು ಗಾಜಿನ ಪೆಟ್ಟಿಗೆ ನೋಡಿದ, ನಿಮಗೆ ಬೇರೆ ಯಾರದೋ ನೆನಪು ಅಂತ ನಕ್ಕ, ನಗು ಚೆನ್ನಾಗಿಯೇ ಇತ್ತು, ಮುದುಕ ಕನ್ನಡಕ ಏರಿಸಿ ನನ್ನನ್ನು ಒಮ್ಮೆ, ಅವನನ್ನು ಒಮ್ಮೆ ನೋಡಿ, ಇರಬಹುದು, ವಯಸ್ಸಾಯ್ತು ಅಂದ — ಅಂದ ರೀತಿ ಮರೆತವನದಲ್ಲ, ನೆನಪಾದವನದು. ಮದುವೆಗೆ ಒಪ್ಪುವ ಮುಂಚೆ ಪಾರ್ಕಿನ ಬೆಂಚಿನ ಮೇಲೆ ನಾನೇ ಬಾಯಿಬಿಟ್ಟು ಕೇಳಿದ್ದೆ, ಹಿಂದೆ ಯಾರಾದರೂ ಇದ್ದರೆ ಈಗಲೇ ಹೇಳಿಬಿಡು, ಇದ್ದವರಿಗೆ ನಾನು ಹೆದರಲ್ಲ, ಮುಚ್ಚಿಟ್ಟದ್ದಕ್ಕೆ ಹೆದರ್ತೀನಿ, ಯಾರೂ ಇಲ್ಲ ಅಂದ, ತಟ್ಟನೆ ಅಂದ, ಅದೇ ಉಸಿರಿನಲ್ಲಿ ಐಸ್‌ಕ್ರೀಮ್ ಬೇಕಾ ಅಂದ, ನಾನು ತಿಂದೆ. ನನಗೆ ಇವನು ಇಷ್ಟ, ಅದೇ ತೊಂದರೆ, ಇಷ್ಟವಿಲ್ಲದಿದ್ದರೆ ಯಾವ ಬಾಗಿಲು ಎಷ್ಟು ಗಿಡ್ಡವಿದ್ದರೆ ನನಗೇನಂತೆ. ಅವಳ ಬೆರಳು ತೆಳ್ಳಗಿತ್ತು ಅನ್ನುವುದಷ್ಟೇ ಈಗ ನನಗೆ ಗೊತ್ತು.

ಪಟ್ಟಿ ಆರಿಸಿಯಾಗಿದೆ, ತಾಮ್ರದ ಗೆರೆ ಹೆಚ್ಚಿರುವುದು, ಗಂಟು ಬಿದ್ದ ಹಲಗೆಯ ಹಾಗಿರುವುದು, ಇಬ್ಬರಿಗೂ ಒಂದೇ ಸಲಕ್ಕೆ ಇಷ್ಟವಾಯಿತು, ಆಗ ಇವನ ಭುಜ ನನ್ನ ಭುಜಕ್ಕೆ ತಾಗಿತು, ಬೆಚ್ಚಗಿತ್ತು, ಈಗ ಮುದುಕ ಗರಗಸದ ಸಣ್ಣ ಅಲಗನ್ನು ಗುರುತಿನ ಮೇಲಿಟ್ಟು ನನ್ನನ್ನೇ ನೋಡುತ್ತಿದ್ದಾನೆ, ಕೊಯ್ಲಾ ಅಮ್ಮಾ, ಕೊಯ್ದ ಮೇಲೆ ಕೂಡಿಸೋಕಾಗಲ್ಲ, ಗೆರೆ ತಪ್ಪಿಹೋಗುತ್ತೆ. ಕೊಯ್ಯಿರಿ ಅಂದುಬಿಟ್ಟರೆ ಮುಗಿಯಿತು, ಚಿಕ್ಕಮ್ಮನಿಗೆ ಫೋನ್ ಮಾಡಬಹುದು, ಒಂದು ಮಾತು, ಅಷ್ಟೇ, ಕೇಳಬಾರದು, ಕೇಳಿದರೆ ಉತ್ತರ ಬರುತ್ತದೆ, ಇಲ್ಲ, ಕೇಳಿಬಿಟ್ಟೆ, ಬಾಗಿಲು ಗಿಡ್ಡ ಅಂತ ನಿನಗೆ ಹೇಗೆ ಗೊತ್ತಿತ್ತು. ಅವನು ಬಾಗಿಲ ಕಡೆ ನೋಡಿದ, ಮುದುಕನ ಕಡೆ ನೋಡಿದ, ನನ್ನ ಹಣೆಯ ಬುಗುಟು ನೋಡಿದ, ಏನಾದರೂ ಹೇಳು, ಸುಳ್ಳನ್ನಾದರೂ ಹೇಳು, ಗರಗಸ ನಿಂತಲ್ಲೇ ನಿಂತಿದೆ, ಚಾವಣಿ ಇಲ್ಲಿ ಎಷ್ಟೋ ಎತ್ತರಕ್ಕಿದೆ, ಅಡ್ಡಮರ ಯಾವುದೂ ಇಲ್ಲ, ತಾಗುವಂಥದ್ದು ಏನೂ ಇಲ್ಲ, ಆದರೂ ಅವನ ತಲೆ ತಗ್ಗಿತು, ಬಾಗಿಲಲ್ಲಿ ತಗ್ಗಿದ ಹಾಗೆಯೇ, ಅಷ್ಟೇ ತಗ್ಗಿತು, ಅಲ್ಲೇ ನಿಂತಿತು.