ಸಂದಿಲ್ಲದ ಹಲಗೆ

"ನಡುವೆ ಸೀಳಿ ಎರಡು ಮಾಡ್ತೀನಿ, ಅಸಾಹೆಲಣ್ಣ. ಇಷ್ಟು ಅಗಲದ್ದು ಕಣ್ಣಿಗೆ ಬಿದ್ರೆ ಆ ಪೆಂಡರ್ ಬಿಡ್ತಾನಾ?" ಮರ ಕೊಯ್ಯುವ ಜೋಥಮ್ ಪಿಸುಗುಟ್ಟಿದ.

ಅಸಾಹೆಲ್ ಹಲಗೆಯ ಮೇಲೆ ಅಂಗೈ ಆಡಿಸಿದ. ಒಂದು ಗಂಟೂ ಇಲ್ಲದ ಬಿಳಿ ಪೈನ್. ಅಗಲ ಎರಡಡಿಗೆ ಒಂದು ಬೆರಳು ಕಡಿಮೆ.

"ಬೇಡ. ಬದುಕಿದ್ದಾಗ ಸಂದಿನ ಗಾಳಿ ಕುಡಿದೇ ಸತ್ಲು. ಈಗಲಾದ್ರೂ ಅವಳ ಮೇಲೆ ಸಂದು ಬೇಡ."

ಜೋಥಮ್ ಶವಪೆಟ್ಟಿಗೆಯ ಮುಚ್ಚಳಕ್ಕೆ ಅಳತೆ ಹಾಕಿದ. ಒಳಕೋಣೆಯಲ್ಲಿ ಹೆಂಗಸರು ಅಸಾಹೆಲನ ಹೆಂಡತಿ ಹೆಪ್ಸಿಯ ತಲೆ ಕೊನೆಯ ಬಾರಿ ಬಾಚುತ್ತಿದ್ದರು.

ನ್ಯೂ ಹ್ಯಾಂಪ್‌ಶೈರಿನ ಆ ಕಣಿವೆಯಲ್ಲಿ ಒಂದಡಿ ದಪ್ಪ ಮೀರಿದ ಬಿಳಿ ಪೈನ್ ಎಲ್ಲವೂ ಲಂಡನ್ನಿನ ರಾಜನದು. ಅವನ ಹಡಗಿಗೆ ಹಾಯಿಕಂಬ ಬೇಕು. ನೆಲ ನಮ್ಮದು, ಕಂದಾಯ ನಮ್ಮದು, ಮರ ಮಾತ್ರ ಅವನದು. ಗುರುತು ಹಾಕುವವರು ಬರುತ್ತಾರೆಂದರೆ ಊರವರು ಮರ ಬಲಿಯುವ ಮೊದಲೇ ಕಡಿದುಬಿಡುತ್ತಿದ್ದರು; ಅಗಲದ ಹಲಗೆಗಳನ್ನು ಅಟ್ಟಕ್ಕೆ ಹಾಸಿ ಮೇಲೆ ಜೋಳ ಸುರಿಯುತ್ತಿದ್ದರು. ರಾಜನ ಪರವಾಗಿ ಫ್ರೆಂಚರೊಡನೆ ಕಾದಾಡಿ ಎರಡು ಬೆರಳು ಕಳೆದುಕೊಂಡಿದ್ದ ಅಸಾಹೆಲ್ ಮಾತ್ರ ಅಧಿಕಾರಿ ಪೆಂಡರನನ್ನು ತಾನೇ ಕರೆದೊಯ್ದು ತನ್ನ ಮೂರು ಮರಗಳನ್ನೂ ತೋರಿಸಿದ್ದ. ಒಂದೊಂದಕ್ಕೂ ಕೊಡಲಿಯ ಮೂರೇಟು ಬಿದ್ದು, ರಾಜನ ಸೊತ್ತೆಂದು ಸಾರುವ ಬಾಣದ ಗುರುತು ಮೂಡಿತ್ತು.

"ರಾಜ ನಿಮ್ಮ ಕ್ಷೇಮ ವಿಚಾರಿಸಿದ್ನಂತಾ?" ಎಂದು ಹೆಪ್ಸಿ ನಕ್ಕಿದ್ದಳು.

ಕಳೆದ ಅಕ್ಟೋಬರಿನ ಬಿರುಗಾಳಿಗೆ ಅದರಲ್ಲೊಂದು ಮರ ಉರುಳಿ, ಮನೆಯ ಬಡಗಣ ಗೋಡೆಯನ್ನು ಕೆಡವಿತು.

"ಹೇಗೂ ಬಿದ್ದಿರೋ ಮರ ಕಣ್ರೀ. ನಾಲ್ಕು ಹಲಗೆ ಕೊಯ್ಸಿ."

"ಅರ್ಜಿ ಕಳಿಸಿದ್ದೀನಲ್ಲೇ. ಉತ್ತರ ಬರ್ಲಿ."

ಮುರುಕು ಹಲಗೆಗಳನ್ನೇ ಎತ್ತಿ ನಿಲ್ಲಿಸಿ, ನವೆಂಬರಿನಲ್ಲಿ ಸಂದುಗಳಿಗೆ ಹರುಕು ಕಂಬಳಿ ತುರುಕಿದರು, ಡಿಸೆಂಬರಿನಲ್ಲಿ ಹುಲ್ಲು. ಬೆಳಗಾದರೆ ಅವಳ ಹಾಸಿಗೆಯ ಮೇಲೆ ಹಿಮದ ಪುಡಿ ಇರುತ್ತಿತ್ತು. ಜನವರಿಯಲ್ಲಿ ಹಿಡಿದ ಕೆಮ್ಮು ಮಾರ್ಚ್ ಮುಗಿಯುವ ಹೊತ್ತಿಗೆ ಅವಳನ್ನು ಮುಗಿಸಿತು. ಮರ ಅಂಗಳದಲ್ಲೇ ಬಿದ್ದಿತ್ತು; ಅದರಿಂದ ಮೊದಲು ಕೊಯ್ದದ್ದು ಅವಳ ಪೆಟ್ಟಿಗೆಯ ಮುಚ್ಚಳ.

ನಾಲ್ವರು ಪೆಟ್ಟಿಗೆಗೆ ಹೆಗಲು ಕೊಟ್ಟು ಹೊಸ್ತಿಲು ದಾಟುವಾಗ ಪೆಂಡರನ ಕುದುರೆ ಬಂತು. ಹಿಂದೆ ಇಬ್ಬರು ಆಳುಗಳು, ಒಂದು ಎತ್ತಿನ ಜಾರುಬಂಡಿ. ಅವನು ಟೋಪಿ ತೆಗೆದು ತಲೆ ಬಾಗಿಸಿದ. ಆಮೇಲೆ ಅಳತೆಕೋಲು ತೆಗೆದ.

"ಇಪ್ಪತ್ಮೂರು ಅಂಗುಲ. ಅಸಾಹೆಲ್, ನೀವೂ ಹೀಗೆ ಮಾಡೋದಾ? ನಿಮ್ಮ ಅರ್ಜಿಗೆ ಉತ್ತರಾನೂ ತಂದಿದ್ದೆ. ಆಗಲ್ಲ ಅಂದಿದ್ದಾರೆ. ಮುಚ್ಚಳ ಬಿಚ್ಚಿಸಿ."

"ಒಳಗೆ ಹೆಣ ಇದೆ ಸ್ವಾಮಿ," ಎಂದ ಜೋಥಮ್.

"ಹೆಣ ನಿಮ್ದು. ಹಲಗೆ ರಾಜರದು."

ಅಸಾಹೆಲ್ ಎಡಗೈ ಎತ್ತಿ ತೋರಿಸಿದ. "ಅವರಿಗೋಸ್ಕರ ಈ ಎರಡು ಬೆರಳು ಕೊಟ್ಟಿದ್ದೀನಿ."

"ಅದಕ್ಕೆ ಸಂಬಳ ಎಣಿಸ್ಕೊಂಡಿದ್ದೀರಲ್ಲ."

ಪೆಂಡರನ ಆಳು ಇಕ್ಕಳ ಹಿಡಿದು ಮುಂದೆ ಬಂದ. ಜೋಥಮ್ ಅಡ್ಡ ನಿಂತ. ಅಸಾಹೆಲ್ ಅವನನ್ನು ಪಕ್ಕಕ್ಕೆ ಸರಿಸಿ, ಇಕ್ಕಳವನ್ನು ತಾನೇ ಇಸಿದುಕೊಂಡ. ಪರರ ಕೈ ತಾಗುವುದು ಬೇಡವಾಗಿತ್ತು. ಎಂಟು ಮೊಳೆ. ಒಂದೊಂದನ್ನೂ ಮೆಲ್ಲಗೆ ಕಿತ್ತು ಜೇಬಿಗೆ ಹಾಕಿಕೊಂಡ. ಆಳುಗಳು ಮುಚ್ಚಳವನ್ನು ಜಾರುಬಂಡಿಗೆ ಹೇರಿ, ಅಂಗಳದ ಮರಕ್ಕೆ ಇನ್ನಷ್ಟು ಎತ್ತು ತರುತ್ತೇವೆಂದು ಹೊರಟರು. ತುಂತುರು ಹಿಮ ಬೀಳುತ್ತಿತ್ತು. ಹೆಪ್ಸಿಯ ಹಣೆಯ ಮೇಲೆ ಬಿದ್ದದ್ದು ಕರಗಲಿಲ್ಲ.

ಅವನು ಒಳಗೆ ಹೋಗಿ, ಹನ್ನೆರಡು ವರ್ಷ ಗೂಟದಿಂದ ಇಳಿಸದಿದ್ದ ಸಿಪಾಯಿ ಕೋಟನ್ನು ತಂದು ಅವಳ ಮುಖ ಮುಚ್ಚುವಂತೆ ಹೊದಿಸಿದ. ಮೊದಲ ಹಿಡಿ ಮಣ್ಣು ಅದರ ಹಿತ್ತಾಳೆ ಗುಂಡಿಗಳ ಮೇಲೆ ಬಿದ್ದು ಸದ್ದಾಯಿತು.

ಹೂಳಿ ಬಂದ ಮೇಲೆ ಜೋಥಮ್ ಅಂಗಳದಲ್ಲೇ ನಿಂತುಕೊಂಡ. "ಪೆಂಡರನಿಗೆ ಬುದ್ಧಿ ಕಲಿಸೋಕೆ ಮಂಗಳವಾರ ಹೆಂಡದಂಗಡೀಲಿ ಸೇರ್ತಿದ್ದೀವಿ, ಅಣ್ಣಾ. ನೀನು ರಾಜನ ಮನುಷ್ಯ ಅಂತ, ಇಷ್ಟು ದಿನ ನಿನ್ನನ್ನ ಬಾ ಅಂತ ಕರೆಯೋಕೆ ಯಾರಿಗೂ ಬಾಯಿ ಬರ್ಲಿಲ್ಲ."

"ಆ ಮರದಲ್ಲಿ ಇನ್ನೆಷ್ಟು ಹಲಗೆ ಬರುತ್ತೆ?"

"ಸೀಳಿದ್ರೆ ಮೂವತ್ತರ ತನಕ..."

"ಸೀಳಬೇಡ."

ಸೋಮವಾರ ಹಗಲಿಡೀ ಸುತ್ತಿಗೆಯ ಸದ್ದು ರಸ್ತೆಯವರೆಗೂ ಕೇಳಿಸಿತು. ಅಗಲದ ಹಲಗೆಗಳು ಬಡಗಣ ಗೋಡೆಗೆ ಸಾಲಾಗಿ ಕೂತವು. ಕೊನೆಗೆ ಅಸಾಹೆಲ್ ಬಾಣದ ಗುರುತಿದ್ದ ತೊಗಟೆ ಹೋಳನ್ನು, ಗುರುತು ರಸ್ತೆಗೆ ಕಾಣುವಂತೆ, ಜೇಬಿನಲ್ಲಿದ್ದ ಎಂಟು ಮೊಳೆಗಳಿಂದ ಗೋಡೆಗೆ ಹೊಡೆದ.

ಸಂಜೆ ಒಬ್ಬನೇ ಕೂತು ಮೇಣದಬತ್ತಿ ಹಚ್ಚಿದ. ಹೊರಗೆ ಗಾಳಿ ಜೋರಾಗಿ ಬೀಸುತ್ತಿತ್ತು. ಬತ್ತಿಯ ಕುಡಿ ಅಲುಗದೆ ನೆಟ್ಟಗೆ ನಿಂತಿತ್ತು. ಅವನು ಅದನ್ನೇ ನೋಡುತ್ತ ಕೂತ.