ಆರು ಗಂಟೆಯ ವೋಲ್ಟೇಜು

"ಮತ್ತ ಸುಟ್ಟೈತ್ರಿ ನಿಮ್ಮ ಡಬ್ಬಿ! ಕುಂಯ್ ಅಂತು, ಟಪ್ ಅಂತು, ಹೋತು."

ಫೋನಿನಲ್ಲಿ ತುಕ್ಕಾನಟ್ಟಿ ಹಾಲಿನ ಸಂಘದ ಕಾರ್ಯದರ್ಶಿ ದಾನೇಶ್ವರಿ. ಡಬ್ಬಿ ಎಂದರೆ, ಹಾಲಿನ ಫ್ಯಾಟ್ ಅಳೆಯುವ ಯಂತ್ರಕ್ಕೆ ಗೋಕಾಕದ ನಮ್ಮ ಅಂಗಡಿಯಲ್ಲಿ ಕಟ್ಟಿಕೊಟ್ಟ ಪವರ್ ಸಪ್ಲೈ. ಸುಟ್ಟದ್ದು ಎರಡನೆಯದು.

"ಭಾನುವಾರ ಕಮಿಟಿ ಕೂಡತೈತಿ. ಅವತ್ತೂ ಸುಟ್ರ ಯಂತ್ರ ಅಟ್ಟಕ್ಕ, ಸತ್ತೆಪ್ಪ ಕಾಕಾನ ಬೆರಳ ಹಾಲಿಗೆ. ತಿಳೀತಿಲ್ಲೊ?"

ತಿಳಿಯಿತು. ಸತ್ತೆಪ್ಪ ಹಾಲಿಗೆ ಬೆರಳದ್ದಿ, ಹೆಬ್ಬೆರಳಿಗೆ ತಿಕ್ಕಿ ಫ್ಯಾಟ್ ಹೇಳುತ್ತಿದ್ದ ಹಳೆಯ ಪರೀಕ್ಷಕ. ಅವನ ಬೆರಳಿಗೆ ಬೀಗರ ಹಾಲು ಸದಾ ದಪ್ಪ, ಒಂದೇ ಎಮ್ಮೆಯ ಶಂಕ್ರವ್ವನ ಹಾಲು ಸದಾ ತೆಳು. ಅದನ್ನು ನಿಲ್ಲಿಸಲೆಂದೇ ದಾನೇಶ್ವರಿ ಎರಡು ವರ್ಷ ಜಗಳಾಡಿ ಯಂತ್ರ ತರಿಸಿದ್ದಳು.

ನನ್ನ ಪಾಲುದಾರ ಧರಣೇಂದ್ರನಿಗೆ ಎಲ್ಲವನ್ನೂ ಅವಳ ದನಿಯಲ್ಲೇ ಒಪ್ಪಿಸಿದೆ. ಅವನು ನಗಲಿಲ್ಲ.

"ಇನ್ನೊಮ್ಮೆ ಕುಂಯ್ ಅನ್ನು."

ಅಂದೆ.

"ಇದು ಟ್ರಾನ್ಸ್‌ಫಾರ್ಮರಿನ ಕೋರ್ ತುಂಬಿ ತುಳುಕೋ ಸಪ್ಪಳ. ನಮ್ಮ ಅಂಗಡ್ಯಾಗ ಒಮ್ಮೆನೂ ಬಂದಿಲ್ಲಲಾ? ಅಲ್ಲಿ ವೋಲ್ಟೇಜ್ ಎಷ್ಟಿತ್ತು?"

"ಇನ್ನೂರಾ ಹದಿನೈದು. ಇಬ್ರೂ ಕೂಡೇ ನೋಡೇವಿ, ಮಧ್ಯಾಹ್ನ ಮೂರಕ್ಕ..."

ಹೇಳುತ್ತಲೇ ನಾಲಿಗೆ ಕಚ್ಚಿಕೊಂಡೆ. ಧರಣೇಂದ್ರ ಜೈನ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಊಟದ ಹೊತ್ತಿಗೆ ಹುಕ್ಕೇರಿಯ ಮನೆ ಸೇರಬೇಕೆಂದು ನಮ್ಮ ಅಳತೆಯೆಲ್ಲ ಮೂರಕ್ಕೇ ಮುಗಿಯುತ್ತಿತ್ತು. ಹಾಲು ಬರುವುದು ಆರಕ್ಕೆ. ಎರಡು ಡಬ್ಬಿ ಕಟ್ಟಿದವರು ಆ ಊರಿನ ಆರು ಗಂಟೆಯನ್ನೇ ಕಂಡಿರಲಿಲ್ಲ.

ಮರುದಿನ ಅವನು ಬುತ್ತಿ ಕಟ್ಟಿಕೊಂಡು ಬಂದ. ಐದೂವರೆಗೆ ಸಂಘದ ಕಟ್ಟೆಯ ಮೇಲೆ ರೊಟ್ಟಿ ಬಿಚ್ಚಿದ. ಕ್ಯಾನ್ ಹಿಡಿದು ಬಂದ ಶಂಕ್ರವ್ವ ನಿಂತಳು.

"ಇಷ್ಟ ಲಗೂನ ಊಟಾ? ರಾತ್ರಿ ಏನ್ ತಿಂತಿಯೋ ತಮ್ಮಾ?"

"ನಿದ್ದೀನಬೇ."

ಆರಕ್ಕೆ ಪಂಪಿನ ತ್ರೀಫೇಸ್ ಕರೆಂಟು ಬಂತು. ಸುತ್ತಲ ಹೊಲಗಳ ಪಂಪುಗಳೆಲ್ಲ ಒಮ್ಮೆಲೇ ಎದ್ದವು. ನಮ್ಮ ಮೀಟರು ಇನ್ನೂರರಿಂದ ನೂರಾ ಮೂವತ್ತೆರಡಕ್ಕೆ ಕುಸಿಯಿತು. ಏಳಕ್ಕೆ ಪಂಪು ನಿಂತಾಗ ಇನ್ನೂರಾ ಎಂಬತ್ತೈದಕ್ಕೆ ಹಾರಿತು.

"ಇದು ಲೈನ್ ಅಲ್ಲೋ, ಜೋಕಾಲಿ," ಎಂದೆ.

ಧರಣೇಂದ್ರ ತೊಡೆ ತಟ್ಟಿದ. "ಸಿಕ್ತು!"

ವೋಲ್ಟೇಜು ಬಿದ್ದಾಗ ಅಷ್ಟೇ ಕೆಲಸಕ್ಕೆ ಹೆಚ್ಚು ಕರೆಂಟು ಎಳೆಯಬೇಕು. ನಮ್ಮ ಟ್ರಾನ್ಸ್‌ಫಾರ್ಮರಿನ ಚಿಕ್ಕ ಕೋರ್, ತಂತಿ ಸುತ್ತಿದ ಆ ತಿರುಳು, ಅಷ್ಟನ್ನು ತಾಳದು. ಏರಿದಾಗಲೋ, ಡಬ್ಬಿಯ ಐಸಿ ಚಿಪ್ ಅನ್ನು ಎಬ್ಬಿಸುವ ಒಂದೇ ಒಂದು ಪುಟ್ಟ ರೆಸಿಸ್ಟರ್ ಡಬ್ಬಿಯೊಳಗೆ ಡೀಸಿಯಾಗಿ ನಾನೂರು ಮುಟ್ಟುವ ವೋಲ್ಟೇಜನ್ನು ಒಂಟಿಯಾಗಿ ಹೊರಬೇಕು.

ಅಂಗಡಿಯಲ್ಲಿ ನಾನು ಎಲ್ಲಕ್ಕಿಂತ ದೊಡ್ಡ ಕೋರ್ ಎತ್ತಿಕೊಂಡೆ. "ಇದನ್ನ ಹಾಕೂನು ಅಂತ ಕೋರಿಕೋತೇನಿ."

"ಡಬ್ಬ್ಯಾಗ ಹಿಡಸಬೇಕಲಾ? ನಡುವಿಂದು ಸಾಕು. ಕೋರಿನ ಎರಡ ಹೋಳಿನ ನಡುವ ಚೂರ ಸಂದ ಬಿಟ್ರ ತಾಳತೈತಿ."

ಸಂದಿಗೆಂದು ನಾನು ಕರದಂಟಿನ ಡಬ್ಬಿಯ ರಟ್ಟು ಹರಿದೆ. ಅವನು ಅದನ್ನು ಕಸಿದು ಬಿಸಾಕಿದ. "ರಟ್ಟ ಮಳಿಗಾಲದಾಗ ನೀರ ಕುಡೀತೈತಿ. ಪ್ಲಾಸ್ಟಿಕ್ ಹಾಳೀನ ಬೇಕು." ಅದು ಸಿಗುವವರೆಗೆ ಧರಣೇಂದ್ರ ಧರಣಿ ಕೂತ. ರೆಸಿಸ್ಟರ್ ಮಾತ್ರ ನನ್ನ ಆಯ್ಕೆ: ಒಂದರ ಜಾಗದಲ್ಲಿ ಎರಡು, ಒಂದರ ಹಿಂದೊಂದು, ಭಾರ ಹಂಚಿಕೊಳ್ಳಲು. ವೋಲ್ಟೇಜು ನೂರಾ ಇಪ್ಪತ್ತಕ್ಕಿಳಿಸಿ ಕಿವಿಗೊಟ್ಟೆವು. ಕುಂಯ್ ಇಲ್ಲ.

ಭಾನುವಾರ ಕಮಿಟಿಯ ಜೊತೆ ಸತ್ತೆಪ್ಪನೂ ತನ್ನ ಹಾಲಿನ ಕ್ಯಾನ್ ಹಿಡಿದು ಬಂದ, ಕೈ ತೊಳೆದುಕೊಂಡೇ. ಆರಕ್ಕೆ ಮೀಟರು ನೂರಾ ಇಪ್ಪತ್ತೆಂಟಕ್ಕಿಳಿಯಿತು. ಯಂತ್ರ ಶಂಕ್ರವ್ವನ ಹಾಲಿಗೆ ಏಳು ಪಾಯಿಂಟ್ ಒಂದು ಫ್ಯಾಟ್ ತೋರಿಸಿತು.

"ಐದೂವರೀ ಮ್ಯಾಲ ಇರಂಗಿಲ್ಲ," ಎಂದ ಸತ್ತೆಪ್ಪ.

"ನಿನ್ನ ಬೆರಳಿಗೆ ಐದೂವರಿ ವರ್ಷದಿಂದ ಬ್ಯಾನಿ ಐತಿ ಬಿಡೋ ಯಪ್ಪಾ," ಎಂದಳು ಶಂಕ್ರವ್ವ.

ಸಾಲು ಕರಗುತ್ತ ಬಂತು. ಏಳಕ್ಕೆ ಪಂಪುಗಳು ನಿಂತವು. ಇನ್ನೂರಾ ಎಂಬತ್ತೇಳು. ಧರಣೇಂದ್ರ ಡಬ್ಬಿಯ ಮೇಲೆ ಅಂಗೈ ಇಟ್ಟ.

"ಬೆಚ್ಚಗೈತಿ. ಜ್ವರ ಇಲ್ಲ."

ದಾನೇಶ್ವರಿ ಕಮಿಟಿಯವರತ್ತ ನೋಡಲೂ ಇಲ್ಲ.

"ಕಾಕಾ, ನಿಮ್ಮ ಕ್ಯಾನ್ ತರ್ರಿ."

"ನಂದ್ಯಾಕ ಈಗ?"

"ಎಲ್ಲಾರದೂ ಆತು. ನಿಮ್ಮದೊಂದ ಉಳದೈತಿ."

ಸತ್ತೆಪ್ಪ ಬೆರಳನ್ನು ಧೋತರಕ್ಕೆ ಒರೆಸಿಕೊಂಡ. ಆಮೇಲೆ ಕ್ಯಾನಿನ ಮುಚ್ಚಳ ತೆಗೆದು ಯಂತ್ರದ ಮುಂದಿಟ್ಟ.